ಹಳದಿ ಬಾಯಿ ಮತ್ತು ಹಸಿ ಸೌದೆ

ತಪ್ಪು ಮಾಡುವುದು ಎಲ್ಲರಿಗೂ ಬರುತ್ತದೆ. ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಮಾತ್ರ ಅಭ್ಯಾಸ ಬೇಕು. ಈ ವಿದ್ಯೆಯಲ್ಲಿ ನಾನು ಪಳಗಿದವನು, ಏಕೆಂದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕದ ಮೇಷ್ಟ್ರಾಗಿದ್ದೆ. ನಾನು ಹೇಳಿಕೊಟ್ಟದ್ದು ಅರ್ಥವಾಗದಿದ್ದರೆ ಮಕ್ಕಳು ದಡ್ಡರು. ಅರ್ಥವಾದರೆ ನಾನು ಜಾಣ. ಈ ಏರ್ಪಾಡು ನಿವೃತ್ತಿಯ ದಿನದವರೆಗೂ ಸುಸೂತ್ರವಾಗಿ ನಡೆಯಿತು. ಆಮೇಲೆ ಬೆಟ್ಟದಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದು ಕೂತೆ ನೋಡಿ, ಮನೆಯಲ್ಲಿ ದಡ್ಡರೇ ಇಲ್ಲದಂತಾಯಿತು. ಇದ್ದವಳು ಹೆಂಡತಿ ಜಯಮ್ಮ ಒಬ್ಬಳೇ.

ನಾನು ಊರೂರು ವರ್ಗವಾಗಿ ಅಲೆಯುತ್ತಿದ್ದಾಗ ಹೊಲ ನೋಡಿಕೊಂಡವಳು ಅವಳು, ಹೊಗೆಸೊಪ್ಪು ಬೇಯಿಸಿದವಳೂ ಅವಳೇ. ಬೇಯಿಸುವುದೆಂದರೆ ಪಾತ್ರೆಯಲ್ಲಲ್ಲ, ಬ್ಯಾರನ್ನಿನಲ್ಲಿ. ಎತ್ತರದ ಆ ಗೂಡಿನೊಳಗೆ ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟು, ದಿನಗಟ್ಟಲೆ ಹದವಾಗಿ ಕಾವು ಕೊಡಬೇಕು. ಬಾಗಿಲಲ್ಲಿರುವ ಅಂಗೈಯಗಲದ ಗಾಜಿನಲ್ಲಿ ಇಣುಕಿ ಎಲೆಯ ಬಣ್ಣ ಹೇಳುವುದರಲ್ಲಿ ಜಯಮ್ಮನನ್ನು ಮೀರಿಸಿದವರು ಸುತ್ತಲ ಹಳ್ಳಿಗಳಲ್ಲಿಲ್ಲ. ‘ಜಯಮ್ಮನ ಹದ’ ಎಂದೇ ಜನ ಹೇಳುತ್ತಾರೆ. ನನ್ನ ಹೆಸರಿನಲ್ಲಿ ಯಾರೂ ಏನೂ ಹೇಳುವುದಿಲ್ಲ. ಹಾಗಾಗಿ ಒಂದು ಸಲ, ಒಂದೇ ಒಂದು ಸಲ, ಬ್ಯಾರನ್ನನ್ನು ನನ್ನ ಕೈಗೆ ಬಿಡು ಎಂದು ಎರಡು ವರ್ಷದಿಂದ ಅವಳ ಬೆನ್ನು ಹತ್ತಿದ್ದೆ. ಊರಿನಲ್ಲಿ ತಲೆಯೆತ್ತಿ ತಿರುಗುವ ಆಸೆ ಯಾರಿಗಿರುವುದಿಲ್ಲ ಹೇಳಿ.

ಈ ನಡುವೆ ಜಯಮ್ಮನಿಗೊಂದು ಸ್ವೆಟರ್ ತರಲು ಬೈಲುಕುಪ್ಪೆಗೆ ಹೋದವನು ಆಟದ ಡಬ್ಬಿಯೊಂದನ್ನು ಕೊಂಡು ಬಂದೆ. ಅಂಗೈಯಲ್ಲಿ ಹಿಡಿದು ಆಡುವಂಥದು. ಒಂದು ಹಳದಿ ಬಾಯಿ ಸುತ್ತುಬಳಸು ಓಣಿಗಳಲ್ಲಿ ಚುಕ್ಕಿಗಳನ್ನು ತಿನ್ನುತ್ತಾ ಹೋಗುತ್ತದೆ, ನಾಲ್ಕು ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ. ಮೂಲೆಯ ದಪ್ಪ ಚುಕ್ಕಿ ನುಂಗಿದರೆ ಸ್ವಲ್ಪ ಹೊತ್ತು ದೆವ್ವಗಳೇ ಹೆದರಿ ಓಡುತ್ತವೆ. ಕಾಲೇಜಿನ ದಿನಗಳಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಬೀರುವಿನಷ್ಟು ಎತ್ತರದ ಯಂತ್ರದಲ್ಲಿ ಈ ಆಟ ನೋಡಿದ್ದೆ. ಆಡಿರಲಿಲ್ಲ, ಆಡುವವರ ಹೆಗಲ ಮೇಲಿಂದ ನೋಡಿದ್ದೆ. ಆಗ ಕಂಡುಕೊಂಡ ಸತ್ಯವೆಂದರೆ ನಡುವೆ ಕೈಬಿಟ್ಟರೆ ಕಥೆ ಮುಗಿಯಿತು. ಅರೆಗಳಿಗೆ ನಿಂತರೂ ದೆವ್ವ ಹಿಡಿಯುತ್ತದೆ. ಅದೇ ಆಟ ಈಗ ಜೇಬಿನಲ್ಲಿ ಕೂರುವಷ್ಟು ಚಿಕ್ಕದಾಗಿ ಬಂದಿರುವುದನ್ನು ಕಂಡು ಸ್ವೆಟರ್ ಮರೆತೇಹೋಯಿತು. ಜಯಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, “ಬೆಚ್ಚಗಿರ್ತದಾ ಇದು?” ಎಂದಷ್ಟೇ ಕೇಳಿದಳು.

ಕೊನೆಗೂ ನನ್ನ ದಿನ ಬಂತು. ಸಾಲಿಗ್ರಾಮದಲ್ಲಿ ಅವಳ ಅಕ್ಕನ ಮಗಳ ಸೀಮಂತ. ಬ್ಯಾರನ್ನಿನಲ್ಲಿ ಆ ವರ್ಷದ ಒಳ್ಳೆಯ ಎಲೆ. ಬೆಳಿಗ್ಗೆ ಬಸ್ಸಿಗೆ ಹೊರಟವಳು ಗೇಟಿನ ಹತ್ತಿರ ಮೂರು ಸಲ ನಿಂತು ಹೇಳಿದಳು: “ಅನ್ನೊಂದು ಗಂಟೆ ಒತ್ಗೆ ಎಲೆ ಅರಿಸಿನ ಬಣ್ಣಕ್ಕೆ ಬತ್ತದೆ. ಬಂದ ತಕ್ಷಣ ಬೆಂಕಿ ಏರ್ಸಿ, ಮ್ಯಾಲಿನ ಕಿಂಡಿ ತೆಗೀರಿ. ತಡ ಆದ್ರೆ ಎಲೆ ಕಂದೋಯ್ತದೆ. ಕೇಳುಸ್ತಾ?”

“ಲೆಕ್ಕದ ಮೇಷ್ಟ್ರಿಗೆ ಗಂಟೆ ಹೇಳಿಕೊಡ್ತೀಯೇನೇ?” ಎಂದೆ.

ಒಂಬತ್ತೂವರೆಗೆ ಎಲೆ ನೋಡಿದೆ, ಇನ್ನೂ ಹಸಿರು ಛಾಯೆ ಇತ್ತು. ಹನ್ನೊಂದರವರೆಗೆ ಹೊತ್ತು ಹೋಗಬೇಕಲ್ಲ ಎಂದು ಒಲೆಯ ಪಕ್ಕ ಕೂತು ಡಬ್ಬಿ ತೆಗೆದೆ. ಅಂದು ನನ್ನ ಕೈ ಎಂಥ ಹದದಲ್ಲಿತ್ತೆಂದರೆ, ದೆವ್ವಗಳು ಬರುವ ಮೊದಲೇ ಅವುಗಳ ದಾರಿ ನನಗೆ ಗೊತ್ತಾಗುತ್ತಿತ್ತು. ಒಂದು ಓಣಿ ಮುಗಿಸಿದರೆ ಇನ್ನೊಂದು. ಹನ್ನೊಂದಾದದ್ದು ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿಯಿತು. ಎದ್ದರೆ ದೆವ್ವ ಹಿಡಿಯುತ್ತದಲ್ಲ, ಈ ಓಣಿಯೊಂದು ಮುಗಿಯಲಿ ಎಂದುಕೊಂಡೆ. ಆಟದಲ್ಲಿ ಕೊಟ್ಟಿದ್ದ ಕೊನೆಯ ಜೀವವೂ ಹೋಗಿ ತಲೆಯೆತ್ತಿದಾಗ ಒಂದೂವರೆ. ಗಾಜಿನಲ್ಲಿ ಇಣುಕಿದರೆ ಎಲೆಯೆಲ್ಲ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು.

ಸಂಜೆ ಬಂದ ಜಯಮ್ಮ ಮಡಿಲಲ್ಲಿದ್ದ ತಾಂಬೂಲವನ್ನೂ ಇಳಿಸದೆ ಗಾಜಿಗೆ ಕಣ್ಣಿಟ್ಟಳು. ಅವಳು ಇತ್ತ ತಿರುಗುವ ಮೊದಲೇ ನನ್ನ ಹಳೆಯ ವಿದ್ಯೆ ತಾನಾಗಿಯೇ ಹೊರಬಂತು: “ಸೌದೆ ಹಸಿ ಇತ್ತು ಕಣೇ. ಎಷ್ಟು ಊದಿದರೂ ಕಾವೇ ಏರಲಿಲ್ಲ.”

ಅವಳು ನಂಬಿದಳು. ನಂಬಿದ್ದೇ ಕಷ್ಟವಾಯಿತು. ಆಗಿಂದಾಗಲೇ ಪಿರಿಯಾಪಟ್ಟಣದ ಸೌದೆ ಮಂಡಿಯ ರಹಮತ್ ಸಾಹೇಬರಿಗೆ ಫೋನು ಹಚ್ಚಿ ತರಾಟೆಗೆ ತೆಗೆದುಕೊಂಡಳು. ಸಾಹೇಬರ ದನಿ ನನಗೂ ಕೇಳುತ್ತಿತ್ತು: “ಅಕ್ಕಾ, ಚೆನ್ನಾಗಿ ಒಣಗಿದ್ ಸೌದೆ ಕಳ್ಸಿದ್ದೆ. ಆದ್ರೂ ನೀವು ಹೇಳ್ತಿದೀರಾ ಅಂದ್ಮೇಲೆ ನಂದೇ ತಪ್ಪಿರ್ಬೋದು. ಇನ್ನೊಂದ್ ಗಾಡಿ ಕಳಿಸ್ತೀನಿ ಬುಡಿ.” ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಬಾಯಿ ಬಿಡುವಷ್ಟಲ್ಲ.

ಊಟವಾದ ಮೇಲೆ ಜಯಮ್ಮ ಬೆಳ್ಳುಳ್ಳಿ ಬಿಡಿಸುತ್ತಾ ಕರುಣೆಯಿಂದ ಹೇಳಿದಳು: “ಪಾಪ, ದಿನವೆಲ್ಲಾ ಒಲೆ ಊದಿದೀರಿ. ನಿಮ್ ಡಬ್ಬಿ ಆಟಕ್ಕೆ ಒತ್ತೇ ಸಿಕ್ಕಿರಾಕಿಲ್ಲ.”

“ಸಿಗದೇ ಏನು!” ಎಂದೆ. “ಒಂಬತ್ತೂವರೆಗೆ ಕೂತವನು ಒಂದೂವರೆವರೆಗೂ ತಲೆ ಎತ್ತಿಲ್ಲ. ಒಂದೇ ಆಟ! ಅಷ್ಟು ಅಂಕ ವಸ್ತುಪ್ರದರ್ಶನದಲ್ಲೂ ಯಾರೂ ಹೊಡೆದಿರಲಿಲ್ಲ.”

ಬೆಳ್ಳುಳ್ಳಿ ಬಿಡಿಸುವ ಕೈ ನಿಂತಿತು. ಮೇಷ್ಟ್ರುಗಿರಿಯ ದೊಡ್ಡ ಕೆಡುಕು ಇದು. ಯಾರಾದರೂ ಕೇಳಿದರೆ ಪೂರ್ತಿ ಉತ್ತರ ಹೇಳಿಬಿಡುತ್ತೇವೆ.

“ನಡುವೆ ಎದ್ದು ಕಿಂಡಿ ತೆಗೆಯಾಕಾಗ್ನಿಲ್ವಾ?”

“ಹೇಗೆ ಏಳೋದು? ದೆವ್ವ ತಿಂದುಬಿಡುತ್ತೆ!”

ಅವಳು ಕೈ ಒರೆಸಿಕೊಂಡು ಡಬ್ಬಿ ಇಸಿದುಕೊಂಡಳು. ಆಟ ಶುರು ಮಾಡಿಸಿ, ಅಂಚಿನಲ್ಲಿದ್ದ ಒಂದೊಂದೇ ಗುಂಡಿ ಒತ್ತುತ್ತಾ ಬಂದಳು. ಮೂರನೆಯದನ್ನು ಒತ್ತಿದಾಗ ಹಳದಿ ಬಾಯಿ ಇದ್ದಲ್ಲೇ ನಿಂತಿತು. ನಾಲ್ಕು ದೆವ್ವಗಳೂ ಗಪ್‌ಚಿಪ್ಪಾಗಿ ನಿಂತವು. ಇನ್ನೊಮ್ಮೆ ಒತ್ತಿದರೆ ಹೊರಟವು, ಮತ್ತೆ ಒತ್ತಿದರೆ ನಿಂತವು. ಬೀರುವಿನಂಥ ಯಂತ್ರದಲ್ಲಿ ಇಲ್ಲದ ಗುಂಡಿ ಈ ಡಬ್ಬಿಯಲ್ಲಿತ್ತು; ನಾನು ನೋಡಿಯೇ ಇರಲಿಲ್ಲ.

“ನಾಳೆ ಎದ್ದು ಸಾಹೇಬ್ರತ್ರ ಹೋಗಿ ಬನ್ನಿ,” ಎಂದಳು. ಅಷ್ಟೇ.

ಹೋದೆ. ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತೆಂದೆ. ಸಾಹೇಬರು ಚಹಾ ತರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸೌದೆ ಮೇಲೆ ಹಾಕ್ದೆ ಇನ್ಯಾರ್ ಮೇಲೆ ಹಾಕ್ತೀರಾ ಮೇಷ್ಟ್ರೇ, ಅದಕ್ಕೆ ಬಾಯಿಲ್ವಲ್ಲ.”

ಮುಂದಿನ ಸಲ ಬ್ಯಾರನ್ನಿಗೆ ಎಲೆ ತುಂಬಿದಾಗ ಜಯಮ್ಮ ನನ್ನನ್ನು ಓಡಿಸಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡಳು. ಡಬ್ಬಿಯನ್ನೂ ಬೇಡವೆನ್ನಲಿಲ್ಲ. ಎಲೆ ಅರಿಸಿನ ಬಣ್ಣಕ್ಕೆ ತಿರುಗಿದ ಹೊತ್ತಿಗೆ ನಾನು ಹಿಂದೆಂದೂ ಮುಟ್ಟದ ಅಂಕದಲ್ಲಿದ್ದೆ, ಕೈಯಲ್ಲಿ ಇನ್ನೂ ಮೂರು ಜೀವ. “ಗುಂಡಿ ಒತ್ತಿ ಇಲ್ ಕೊಡಿ. ಕಿಂಡಿ ತೆಗೆದು ಬನ್ನಿ. ದೆವ್ವ ಎಲ್ಲೂ ಓಗಾಕಿಲ್ಲ,” ಎಂದಳು. ಒತ್ತಿ ಕೊಟ್ಟೆ, ಏಣಿ ಹತ್ತಿ ಕಿಂಡಿ ತೆಗೆದೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿದ ಹೆಮ್ಮೆಯಲ್ಲಿ ಇಳಿದು ಬಂದೆ. ನೋಡಿದರೆ ಡಬ್ಬಿಯಲ್ಲಿ ಹಳದಿ ಬಾಯಿ ಇಲ್ಲ, ಮೂರು ಜೀವವೂ ಇಲ್ಲ, ಆಟ ಮುಗಿದಿದೆ.

“ಏನೇ ಇದು? ಏನಾಯ್ತೇ?” ಎಂದು ಕೂಗಿದೆ.

ಜಯಮ್ಮ ಒಲೆಗೆ ಇನ್ನೊಂದು ಕೊರಡು ನೂಕಿ, ನನ್ನತ್ತ ತಿರುಗದೆ ಹೇಳಿದಳು: “ಸೌದೆ ಹಸಿ ಇತ್ತು ಕಣ್ರೀ.”