ಎರಡು ಸಿಂಕು, ಒಂದು ಪೈಪು

ಬಟ್ಟೆ ಕತ್ತರಿಸಲು ಬರುವವರಿಗೆ ಪೈಪು ಕತ್ತರಿಸುವುದು ಏನು ಮಹಾ ಎಂದುಕೊಂಡವಳು ನಾನು. ಚಿಕ್ಕೋಡಿಯಲ್ಲಿ ಹೆಂಗಸರ ಬ್ಲೌಸು ಹೊಲಿಯುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದೇನೆ. ಎಂಥೆಂಥ ಡೊಂಕು ಹೆಗಲಿಗೂ ನೆಟ್ಟಗೆ ತೋಳು ಕೂಡಿಸಿದ್ದೇನೆ. ಹೀಗಿರುವಾಗ ಒಂದು ಗೋಡೆಗೆ ಎರಡು ಸಿಂಕು ಕೂಡಿಸುವುದು ನನಗೊಂದು ಲೆಕ್ಕವೇ?

ಇಷ್ಟಕ್ಕೂ ಸಿಂಕಿನ ಸುದ್ದಿ ಎದ್ದದ್ದು ನನ್ನ ಮಗ ಮಹೇಶನ ಮದುವೆ ಮಾತಿನಿಂದ. ಅಥಣಿಯ ಹುಡುಗಿ. ಹುಡುಗ ಹುಡುಗಿ ಒಪ್ಪಿದ್ದರು, ಜಾತಕವೂ ಒಪ್ಪಿತ್ತು. ಇನ್ನು ಹುಡುಗಿಯ ಕಡೆಯವರು ಬಂದು ನಮ್ಮ ಮನೆ ನೋಡಿ ಒಪ್ಪುವುದೊಂದೇ ಬಾಕಿ. ನಮ್ಮ ಮನೆಯಲ್ಲಿ ಪರರು ನೋಡಬಾರದ ಜಾಗ ಒಂದೇ ಇತ್ತು. ಬಚ್ಚಲು! ಅದನ್ನು ಒಡೆಸಿ ಹೊಸದು ಮಾಡಿಸುವುದೆಂದು ನಾನು ಘೋಷಿಸಿದೆ. ಬಚ್ಚಲ ಒಳಗೊಂದು ಸಿಂಕು, ಅದೇ ಗೋಡೆಯ ಆಚೆ ಊಟದ ಕೋಣೆಯಲ್ಲಿ ಕೈ ತೊಳೆಯಲು ಇನ್ನೊಂದು. ಎರಡೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಎರಡರ ನೀರೂ ಗೋಡೆಯೊಳಗೆ ಎದುರುಬದುರಾಗಿ ಕೂಡಿ, ಒಂದೇ ಪೈಪಿನಲ್ಲಿ ಗಟಾರಕ್ಕೆ ಹೋಗಬೇಕು. ಎರಡು ತೋಳು, ಒಂದು ಮೈ. ಬ್ಲೌಸಿನ ಹಾಗೆಯೇ!

ಬಟ್ಟೆಗೆ ಗೆರೆ ಎಳೆಯುವ ನೀಲಿ ಖಡುವಿನಿಂದ ಗೋಡೆಯ ಮೇಲೆ ನಕ್ಷೆ ಬರೆದೆ. ಬಸ್ಸಿನ ಕಂಡಕ್ಟರಾದ ನನ್ನ ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು.

"ಸುಮಿತ್ರಾ, ನೀರ ಹೋಗಾಕ ಪೈಪಿಗೆ ಸ್ವಲ್ಪ ಇಳಿಜಾರ ಬೇಕಾಗತೈತಿ ನೋಡು."

"ನೀವು ಟಿಕೀಟ ಹರೀರಿ. ಇದು ನನ್ನ ಕೆಲಸ," ಎಂದೆ.

ಪ್ಲಂಬರ್ ದಸ್ತಗೀರ ಬಂದ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ.

"ಒಂದ ಪೈಪ್ ಸಾಕಲ್ಲೋ?" ಎಂದೆ ನಾನು.

"ಸಾಕ್ರಿ ಅಕ್ಕಾರ."

"ಎರಡ ಬೇಕಲ್ಲೋ ದಸ್ತಗೀರ?" ಎಂದರು ಇವರು.

"ಬೇಕ್ರಿ ಅಣ್ಣಾರ."

ಹೀಗೆ ಅವನು ನಮ್ಮ ಸಂಸಾರದಲ್ಲಿ ಶಾಂತಿ ಕಾಪಾಡಿದ. ಆದರೂ ಕೈಯ ಅಭ್ಯಾಸ ನೋಡಿ, ಪೈಪನ್ನು ಒಂದಿಷ್ಟು ಇಳಿಜಾರಾಗಿಯೇ ಕೂಡಿಸಿದ್ದ. ಸೊಟ್ಟ ಹೊಲಿಗೆ ಕಂಡರೆ ನನಗೆ ಜ್ವರ ಬರುತ್ತದೆ.

"ಸೊಟ್ಟ ಆಗೇತಲ್ಲೋ!"

"ಆಗೇತ್ರಿ ಅಕ್ಕಾರ."

"ನೆಟ್ಟಗ ಮಾಡು."

"ಮಾಡೂನ್ರಿ."

ಪೈಪು ಗೆರೆ ಎಳೆದಂತೆ ನೆಟ್ಟಗಾಯಿತು. ಆಮೇಲೆ ಅವನು ಸಿಂಕಿನ ಕೆಳಗೆ ಆನೆಯ ಸೊಂಡಿಲಿನಂತೆ ಬಾಗಿದ ಏನನ್ನೋ ಕೂಡಿಸತೊಡಗಿದ.

"ಇದ್ಯಾಕ ಇಷ್ಟ ಡೊಂಕ ಐತಿ?"

"ಇದರಾಗ ನೀರ ನಿಂತ ಗಟಾರದ ವಾಸನಿ ತಡೀತೈತ್ರಿ."

"ನಮ್ಮ ಮನ್ಯಾಗ ಎಲ್ಲೀ ವಾಸನಿ? ತಗೀ ಅದನ್ನ!"

"ತಗಿಯೂನ್ರಿ."

ಕೆಲಸ ಮುಗಿದ ಮೇಲೆ ಪರೀಕ್ಷೆ. ಈಚೆ ಒಂದು ತಂಬಿಗೆ ನೀರು ಸುರಿದೆ. ನೀರು ಕೊಂಚ ನಿಂತಿತು, ವಿಚಾರ ಮಾಡಿತು, ಹೋಯಿತು. ಆಚೆ ಒಂದು ತಂಬಿಗೆ. ಅದೂ ಹಾಗೆಯೇ ಹೋಯಿತು. ನಾನು ಯಜಮಾನರ ಕಡೆ ನೋಡಿದ ನೋಟಕ್ಕೆ ಅವರು ಟಿಕೀಟಿನ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೋದರು.

ಮರುದಿನದಿಂದ ಊಟದ ಕೋಣೆಯಲ್ಲಿ ಏನೋ ವಾಸನೆ. ನಾನು ಸಿಂಕಿನ ಪಕ್ಕ ಊದುಬತ್ತಿ ಹಚ್ಚಿಟ್ಟೆ.

"ಸಿಂಕಿನ ಪೂಜಾನೂ ಶುರು ಮಾಡೀ ಏನ?" ಎಂದರು ಇವರು. ನಾನು ಇನ್ನೊಂದು ಊದುಬತ್ತಿ ಹಚ್ಚಿದೆ.

ಬೀಗರು ಬಂದರು. ಹುಡುಗಿಯ ತಂದೆ, ತಾಯಿ, ಜೊತೆಗೆ ತಾಯಿಯ ತಂಗಿ. ಈ ಮಾವಶಿ ಮಿರಜಿನವರು. ಆ ಮನೆಯಲ್ಲಿ ಕೊನೆಯ ಮಾತು ಅವರದೇ ಎಂದು ಮಹೇಶ ಮೊದಲೇ ಎಚ್ಚರಿಸಿದ್ದ. ಕೆನೆಬಣ್ಣದ ಸೀರೆ ಉಟ್ಟಿದ್ದರು. ಒಳಗೆ ಕಾಲಿಟ್ಟವರೇ ಕಿಟಕಿಯ ಮೇಲೆ ಬೆರಳು ಎಳೆದು ಧೂಳು ನೋಡಿದರು. ಮಾತು ಶುರು ಮಾಡಿದರೆ ಓಣಿಯ ಆ ತುದಿಗೂ ಕೇಳಬೇಕು, ಅಂಥ ದನಿ. ನಾನು ಎಲ್ಲರನ್ನೂ ನೇರ ಬಚ್ಚಲಿಗೆ ಕರೆದೊಯ್ದೆ.

"ಇದರ ಪ್ಲ್ಯಾನ್ ಪೂರಾ ನಂದರಿ," ಎಂದೆ.

"ಹಂಗಾದ್ರ ಇಂಜಿನಿಯರ ಮನ್ಯಾಗ ಅದಾರ ಅನ್ರಿ," ಎಂದರು ಬೀಗರು. ನಾನು ಅಲ್ಲಗಳೆಯಲಿಲ್ಲ.

ಭಕ್ರಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟ ಸೊಗಸಾಗಿ ಮುಗಿಯಿತು. ಕೈ ತೊಳೆಯಲು ಮಾವಶಿ ಮೊದಲು ಎದ್ದು ಸಿಂಕಿನ ಮುಂದೆ ನಿಂತರು. ಇಲ್ಲಿ ನನ್ನ ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಊಟವಾದ ಕೂಡಲೇ ಮಿಶ್ರಿ ಬೇಕು. ತಂಬಾಕು ಸುಟ್ಟು ಕುಟ್ಟಿದ ಆ ಕರೀ ಪುಡಿಯನ್ನು ಹಲ್ಲಿಗೆ ತಿಕ್ಕದಿದ್ದರೆ ಅವರಿಗೆ ಹೋಳಿಗೆಯೂ ಅರಗದು. ಬೀಗರ ಮುಂದೆ ಬೇಡ ಎಂದು ನಾನು ಕೈ ಮುಗಿದು ಕೇಳಿಕೊಂಡಿದ್ದೆ. ಅದಕ್ಕೇ ಪಾಪ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಒಬ್ಬರೇ ಇದ್ದಾಗ ತಮ್ಮಷ್ಟಕ್ಕೆ ಮಾತಾಡುವುದು ಅವರ ಇನ್ನೊಂದು ಅಭ್ಯಾಸ.

"ಹುಡುಗಿ ಬಂಗಾರದಂಥಾದ್ದು," ಎಂದಿತು ಊಟದ ಕೋಣೆಯ ಸಿಂಕು.

ಮಾವಶಿ ಕೈ ತೊಳೆಯುವುದನ್ನು ನಿಲ್ಲಿಸಿದರು.

"ಆದರ ಆ ಮಿರಜಿನಾಕಿ ಬಾಯಿ ಏನ ಬಾಯಿ ಬೇ! ಸಕ್ರಿ ಫ್ಯಾಕ್ಟರಿ ಭೋಂಗಾ ಹೊಡದಂಗ ಆಗತೈತಿ!"

"ಅದು... ಬಾಜೂ ಮನಿ ಟೀವಿರಿ!" ಎಂದು ನಾನು ಕೂಗಿದೆ.

ಸಿಂಕು ಗಂಟಲು ಗಳಗಳಿಸಿತು. ಆಚೆ ಅತ್ತೆಯವರು ಬಾಯಿ ಮುಕ್ಕಳಿಸಿ, ಸ್ವಚ್ಛವಾಗಲೆಂದು ಬಕೀಟನ್ನೇ ಎತ್ತಿ ಸುರಿದಿರಬೇಕು. ನೆಟ್ಟಗಿನ ಪೈಪು, ಇಳಿಜಾರಿಲ್ಲ, ತಡೆಯಲು ಡೊಂಕೂ ಇಲ್ಲ. ನೀರಾದರೂ ಎಲ್ಲಿಗೆ ಹೋದೀತು? ಎದುರಿಗಿದ್ದ ತೋಳಿಗೆ ನುಗ್ಗಿತು. ಈಚೆಯ ಸಿಂಕಿನಿಂದ ಕರೀ ನೀರು ಬುಗ್ಗೆಯಾಗಿ ಎದ್ದು, ತುಂಬಿ, ಉಕ್ಕಿ ಮಾವಶಿಯ ಕೆನೆಬಣ್ಣದ ಸೀರೆಯ ಮೇಲೆ ಇಳಿಯಿತು!

ಬೀಗತಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಯಜಮಾನರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮಹೇಶ ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಧೈರ್ಯವಿಲ್ಲ. ಮಗನ ಮದುವೆ ನನ್ನ ಕಣ್ಣೆದುರೇ ಗಟಾರಕ್ಕೆ ಹೋಗುತ್ತಿತ್ತು. ಅಲ್ಲ, ಗಟಾರಕ್ಕೂ ಹೋಗಲಾಗದೆ ವಾಪಸು ಬರುತ್ತಿತ್ತು!

ಮಾವಶಿ ಸೆರಗು ಎತ್ತಿ ಮೂಗಿನ ಹತ್ತಿರ ಹಿಡಿದರು.

"ಅಗ ಬಾಯಿ! ಹೀ ತರ ಮಿಶ್ರಿ! ಮಿಶ್ರೀನ ಐತಲ್ಲ ಇದು! ಯಾರ ಹಚ್ಚತಾರ?"

ಬಚ್ಚಲ ಬಾಗಿಲು ತೆರೆಯಿತು. ಅತ್ತೆಯವರು ಕರೀ ಬೆರಳು ಎತ್ತಿಕೊಂಡೇ ಹೊರಗೆ ಬಂದರು. "ನಾ ಹಚ್ಚತೇನಿ. ಯಾಕ?"

ಮಾವಶಿ ಆ ದಿನ ಮೊದಲ ಬಾರಿಗೆ ದನಿ ತಗ್ಗಿಸಿದರು. "ನನ್ನ ಡಬ್ಬಿ ಮನ್ಯಾಗ ಮರತ ಬಂದೇನ್ರಿ. ಮುಂಜಾನಿಂದ ತಲಿ ಹಿಡದ ಬಿಟ್ಟೈತಿ. ಜರಾ ಕೊಡ್ರಿ."

ಇಬ್ಬರೂ ಹಿತ್ತಲಿಗೆ ಹೋದರು. ಕಟ್ಟೆಯ ಮೇಲೆ ಕುಳಿತು ಹಲ್ಲು ತಿಕ್ಕುತ್ತಾ ಅದೇನು ಮಾತಾಡಿದರೋ, ನಗುವಂತೂ ಒಳಗೆ ಕೇಳುತ್ತಿತ್ತು. ತಿರುಗಿ ಬಂದ ಮಾವಶಿ ತಮ್ಮ ಭಾವನವರಿಗೆ ತೀರ್ಪು ಹೇಳಿದರು: "ಮಂದಿ ಚಲೋ ಅದಾರ. ಮುದುಕಿ ಇದ್ದದ್ದ ಇದ್ದಂಗ ಮಾತಾಡತಾಳ. ಸಾಖರಪುಡಾ ಇಟಗೊಳ್ರಿ."

ಸಾಖರಪುಡಾ ಎಂದರೆ ನಿಶ್ಚಯ! ನನಗೆ ಹೋದ ಜೀವ ಬಂತು. ಜೀವದ ಜೊತೆ ಜಂಬವೂ ಬಂತು. "ನೋಡಿದ್ರ್ಯಾ? ನಾ ಇಳಿಜಾರ ಕೊಟ್ಟಿದ್ರ ಈ ಸಂಬಂಧ ಕೂಡತಿತ್ತೇನು?" ಎಂದು ಯಜಮಾನರ ಕಿವಿಯಲ್ಲಿ ಹೇಳಿದೆ.

"ಇಲ್ಲ. ಇದು ಗಟಾರ ಕೂಡಿಸಿದ ಸಂಬಂಧ," ಎಂದರು.

ಮತ್ತೆ ಗೋಡೆ ಒಡೆಸಿದೆವು. "ತಪ್ಪ ಆಗೇತಲ್ಲೋ ದಸ್ತಗೀರ?" ಎಂದೆ.

"ಆಗೇತ್ರಿ ಅಕ್ಕಾರ."

"ನಂದೋ, ನಿಂದೋ?"

ಆ ಮನುಷ್ಯ ಮೊದಲ ಸಲ ಬಾಯಿ ಬಿಡಲಿಲ್ಲ. ಎರಡು ಸಿಂಕಿಗೂ ಡೊಂಕು ಕೂಡಿಸಿ, ಬೇರೆ ಬೇರೆ ಪೈಪು ಹಾಕಿ, ಇಳಿಜಾರು ಕೊಟ್ಟು ಹೋದ.

ಮದುವೆಯಾದ ಮೇಲೆ ಒಂದು ದಿನ ಅಥಣಿಯಿಂದ ಬೀಗರ ಫೋನು. ಅವರೂ ಬಚ್ಚಲು ಹೊಸದು ಮಾಡಿಸುತ್ತಿದ್ದಾರೆ, ಎರಡು ಸಿಂಕು ಹಾಕಿಸುವವರಿದ್ದಾರೆ, ನನ್ನ ಸಲಹೆ ಬೇಕಂತೆ! ನಾನು ಹೊಲಿಗೆ ಬಿಟ್ಟು ಎದ್ದು ನಿಂತೆ. ಪೈಪು ಬೇರೆ ಬೇರೆ ಇರಬೇಕು, ಇಳಿಜಾರು ಇಷ್ಟಿರಬೇಕು, ಡೊಂಕು ಹೀಗಿರಬೇಕು ಎಂದು ಸವಿಸ್ತಾರವಾಗಿ ತಿಳಿಸಿದೆ. ಬೀಗರು "ಹೌದ್ರಿ, ಹೌದ್ರಿ" ಎಂದು ಬಲು ಶ್ರದ್ಧೆಯಿಂದ ಕೇಳಿಕೊಂಡರು. ಫೋನು ಬಂದ್ ಮಾಡುವುದನ್ನು ಮಾತ್ರ ಮರೆತರು.

"ಗೌಂಡಿ, ಬೀಗತಿ ಅವರು ಹೇಳಿದ್ದ ಪೂರಾ ಕೇಳಿದಿಯಲ್ಲೋ?" ಎಂದು ಅವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಗಾರೆ ಕೆಲಸದವನಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ಅದೊಂದ ಬಿಟ್ಟ ಬ್ಯಾರೆ ಏನಾರ ಮಾಡು."

ಈ ಸಲ ನಾನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು!