ಅಂಗೈ ಇಟ್ಟರೆ ರಶೀದಿ

"ಇದರ ಮೇಲೆ ಯಾರೇ ಅಂಗೈ ಇಡ್ಲಿ, ಅವರು ತಿಂದ ಕಮಿಷನ್ ಎಲ್ಲಾ ಚೀಟಿ ಆಗಿ ಹೊರಗೆ ಬರುತ್ತೆ," ಎಂದರು ಪಶುಪತಿ ಮಾವ.

ಮಾವ ನನ್ನ ತಾಯಿಯ ತಮ್ಮ. ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಯಂತ್ರಗಳನ್ನು ಹೆರುತ್ತಿದ್ದಾರೆ. ಈ ಸಲದ್ದು ಹಳೆಯ ಬಸ್ ಟಿಕೆಟ್ ಯಂತ್ರಕ್ಕೆ ಸ್ಟೀಲ್ ತಟ್ಟೆ, ಸ್ಪೀಕರ್ ಸೇರಿಸಿದ ಪೆಟ್ಟಿಗೆ. ಬೆವರಿನಲ್ಲಿ ನೆನಪಿನ ಕಣಗಳಿರುತ್ತವೆ, ದುಡ್ಡು ಎಣಿಸಿದ ಕೈಯಲ್ಲಂತೂ ದಟ್ಟವಾಗಿರುತ್ತವೆ ಎನ್ನುವುದು ಅವರ ಸಿದ್ಧಾಂತ.

ನಾನು ತಿಪಟೂರಿನಲ್ಲಿ ಮದುಮಗಳಿಗೆ ಮೇಕಪ್ ಮಾಡುವವಳು. ಕಲ್ಯಾಣಮಂಟಪದ ಮ್ಯಾನೇಜರ್ ಮರುಳಸಿದ್ದಪ್ಪ, ಹೂವಿನಂಗಡಿ ತಿಮ್ಮಕ್ಕ ಇಬ್ಬರೂ ಗಿರಾಕಿ ಕಳಿಸುತ್ತಾರೆ. ಮದುವೆಗೆ ಎರಡು ಸಾವಿರದಂತೆ ಅವರ ಕೈ ಬೆಚ್ಚಗೆ ಮಾಡಬೇಕು. ಹೋದ ವರ್ಷ ಅರವತ್ತೆರಡು ಸಾವಿರ ಹಾಗೆ ಹೋಗಿದೆ. ವ್ಯಾಪಾರದ ಖರ್ಚು ಅಂತ ತೋರಿಸಿ ಎಂದರೆ ಆಡಿಟರ್ ವೆಂಕಟರಾಂ ಕನ್ನಡಕ ಏರಿಸಿದರು.

"ಯಾರಿಗೆ ಕೊಟ್ರಿ, ಯಾವ ಮದುವೆಗೆ ಕೊಟ್ರಿ, ಅವರ ಸಹಿ ಎಲ್ಲಿ? ಶನಿವಾರದೊಳಗೆ ತನ್ನಿ. ಇಲ್ಲಾಂದ್ರೆ ಅದೂ ನಿಮ್ಮ ಲಾಭವೇ, ಟ್ಯಾಕ್ಸ್ ಕಟ್ಬೇಕು."

ಬೇರೆಯವರು ತಿಂದಿದ್ದಕ್ಕೆ ನಾನು ತೆರಿಗೆ ಕಟ್ಟಬೇಕೆ? ಸಹಿ ಕೇಳಿದರೆ ಮರುಳಸಿದ್ದಪ್ಪ, "ಕಮಿಷನ್ನಾ? ನಾನಾ? ನೀವೇ ಪ್ರೀತಿಯಿಂದ ಕೊಟ್ಟಿದ್ದಲ್ವಾ ತಾಯಿ?" ಎಂದು ಕೈ ಮುಗಿದುಬಿಟ್ಟ.

"ಅಂಥವನು ಇಲ್ಲಿಗೆ ಬಂದು ಅಂಗೈ ಇಡ್ತಾನಾ ಮಾವ?"

"ಅದಕ್ಕೂ ದಾರಿ ಇದೆ ನೋಡೇ ಹೇಮಾ," ಎಂದು ಮಾವ ಬಾಗಿಲಿಗೆ ಒಂದು ಬೋರ್ಡು ನೇತುಹಾಕಿದರು: ಉಚಿತ ಬಿ.ಪಿ. ತಪಾಸಣೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅರ್ಧ ಬೀದಿ ನಮ್ಮ ಜಗಲಿಯ ಮೇಲಿತ್ತು. ಹೆಂಡತಿ ಸಮೇತ ಬಂದಿದ್ದ ಮರುಳಸಿದ್ದಪ್ಪನೇ ಮೊದಲು ಅಂಗೈ ಇಟ್ಟ. ಕಿರ್ರ್ ಎಂದು ಚೀಟಿ ಬಂತು. "ಮೇಕಪ್ ಹೇಮಾವತಿಯಿಂದ, ಹತ್ತೊಂಬತ್ತು ಮದುವೆಗೆ, ಮೂವತ್ತೆಂಟು ಸಾವಿರ," ಎಂದು ಯಂತ್ರ ಕಂಡಕ್ಟರನ ದನಿಯಲ್ಲಿ ಓದಿಯೂ ಹೇಳಿತು. ನನಗೆ ಮಾವನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

ಆದರೆ ಯಂತ್ರ ನಿಲ್ಲಲಿಲ್ಲ. "ಅಡುಗೆಯವರಿಂದ ಎಪ್ಪತ್ತು ಸಾವಿರ. ವಾಲಗದವರಿಂದ ಒಂಬತ್ತು. ಶಾಮಿಯಾನದವರಿಂದ..."

"ಈ ದುಡ್ಡೆಲ್ಲ ಎಲ್ಲಿ ಹೋಯ್ತು?" ಎಂದು ಅವನ ಹೆಂಡತಿ ಬಹಳ ಮೆಲ್ಲಗೆ ಕೇಳಿದಳು.

"ಸುಳ್ಳು ಮಿಷನ್ ಕಣೇ ಇದು."

"ಸ್ವಂತ ನಾದಿನಿಯ ಮದುವೆಯಲ್ಲಿ, ಐಸ್‌ಕ್ರೀಮಿನವರಿಂದ, ನಾನೂರು," ಎಂದಿತು ಯಂತ್ರ.

ಜಗಲಿಯೆಲ್ಲ ಘೊಳ್ಳೆಂದು ನಕ್ಕಿತು. ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದ ತಿಮ್ಮಕ್ಕನ ಕೈಯನ್ನು ಯಾರೋ ಹಿಡಿದು ತಟ್ಟೆಗೆ ಒತ್ತಿದರು. ಅವಳ ಇಪ್ಪತ್ತನಾಲ್ಕು ಸಾವಿರದ ಜೊತೆಗೆ ಊರಿನ ಮೂರು ಹಳೇ ಜಗಳಗಳೂ ಹೊರಗೆ ಬಂದವು. ಚೀಟಿಯ ಸುರುಳಿ ಮೆಟ್ಟಿಲಿಳಿದು ಚರಂಡಿ ಮುಟ್ಟಿತು.

"ಆಫ್ ಮಾಡಿ ಮಾವ."

"ಆಫ್ ಬಟನ್ ಇಟ್ಟಿಲ್ಲ ಕಣೇ. ನಿಜ ಹೇಳೋದಕ್ಕೆ ಅದ್ಯಾಕೆ?"

ನಾನು ಪ್ಲಗ್ ಕಿತ್ತೆ. ಒಳಗೆ ಬ್ಯಾಟರಿ ಬೇರೆ ಇಟ್ಟಿದ್ದರಂತೆ.

"ತಾಯಿ, ಎಲ್ಲಿ ಸಹಿ ಹಾಕ್ಬೇಕು ಹೇಳಿ, ಮೊದ್ಲು ಇದರ ಬಾಯಿ ಮುಚ್ಸಿ," ಎಂದ ಮರುಳಸಿದ್ದಪ್ಪ. ಅವನ ಹಿಂದೆಯೇ ತಿಮ್ಮಕ್ಕನೂ ಸಹಿ ಹಾಕಿದಳು. ಬಿ.ಪಿ. ನೋಡಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ವೆಂಕಟರಾಂ ಚೀಟಿಗಳನ್ನು ಅಲ್ಲೇ ತಿರುವಿ ನೋಡಿದರು.

"ಹೆಸರಿದೆ, ತಾರೀಕಿದೆ, ಸಹಿಯಿದೆ. ಅರವತ್ತೆರಡು ಸಾವಿರವೂ ಖರ್ಚಿಗೆ ಹೋಯ್ತಮ್ಮ."

ಗೆದ್ದೆ ಎಂದುಕೊಂಡೆ. ಇನ್ನು ಈ ಪೆಟ್ಟಿಗೆಯ ಕಾಟ ಮುಗಿಸೋಣವೆಂದು ಎರಡೂ ಕೈಯಲ್ಲಿ ಎತ್ತಿಕೊಂಡು ನೀರಿನ ತೊಟ್ಟಿಯತ್ತ ನಡೆದೆ. ಎಡಗೈ ತಟ್ಟೆಯ ಮೇಲಿತ್ತು.

"ಹೇಮಾವತಿ," ಎಂದಿತು ಯಂತ್ರ. "ಗಿರಾಕಿ ಕಳಿಸಿದ್ದಕ್ಕೆ ಸೀರೆ ಅಂಗಡಿಯಿಂದ ಇಪ್ಪತ್ತೆಂಟು ಸಾವಿರ. ಬಾಡಿಗೆ ಒಡವೆಯವರಿಂದ ಮೂವತ್ತು. ಮೆಹಂದಿಯವರಿಂದ ಹದಿಮೂರು. ಒಟ್ಟು ಎಪ್ಪತ್ತೊಂದು."

ನಾನು ಅದನ್ನು ತೊಟ್ಟಿಗೆ ಹಾಕಿಬಿಟ್ಟೆ. ತೊಟ್ಟಿಯ ನೀರಿನೊಳಗಿಂದಲೂ ಅದು ಗುಳುಗುಳು ಎಂದು ಇನ್ನೊಮ್ಮೆ ಒಟ್ಟು ಹೇಳಿತು. ವೆಂಕಟರಾಂ ಪೆನ್ನಿನ ಮುಚ್ಚಳ ತೆಗೆದರು.

"ಇದು ಆದಾಯದಲ್ಲಿ ಬಂದೇ ಇಲ್ವಲ್ಲಮ್ಮ?"

ಸುಮ್ಮನೆ ಕೂತಿದ್ದರೆ ಅರವತ್ತೆರಡು ಸಾವಿರಕ್ಕೆ ತೆರಿಗೆ ಕಟ್ಟಿದರೆ ಮುಗಿಯುತ್ತಿತ್ತು. ಈಗ ಎಪ್ಪತ್ತೊಂದಕ್ಕೆ ಕಟ್ಟಿದ್ದೇನೆ. "ಯಂತ್ರ ಎಲ್ಲಿ ತಪ್ಪಿತು ಹೇಳೇ," ಎಂದು ಮಾವ ದಿನವೂ ಪೀಡಿಸುತ್ತಾರೆ. ತಪ್ಪು ಹುಡುಕಲು ನನಗೂ ಆಗಿಲ್ಲ.