ನಂಜುಂಡನ ಕಣಜ

ಕೆ. ಹೊಸಕೋಟೆಯ ನಂಜುಂಡನ ಕಬ್ಬಿನ ಮೇಲೆ ಬೂದು ಹುರುಪೆ ಎದ್ದಿತ್ತು. ಅದು ಹುರುಪೆಯಲ್ಲ, ಚಿಪ್ಪಿನಡಿ ಕೂತು ರಸ ಹೀರುವ ಶಲ್ಕ ಕೀಟ ಎಂದರು ಕೃಷಿ ಅಧಿಕಾರಿ ಕೃತಿಕಾ. ಅದರೊಳಗೇ ಮೊಟ್ಟೆಯಿಟ್ಟು ಅದನ್ನೇ ತಿಂದು ಮುಗಿಸುವ ಕಣಜದ ಹುಳಗಳನ್ನು ಬೆರಳುದ್ದದ ಗಾಜಿನ ಕೊಳವೆಯಲ್ಲಿ ಕೊಟ್ಟು, "ಗದ್ದೇಲೇ ಮುಚ್ಚಳ ತೆಗೀರಿ. ಸಂಜೆ ನಾನೂ ಬರ್ತೀನಿ" ಎಂದರು.

ಆಲೂರಿನ ಕಚೇರಿಯಿಂದ ಊರಿಗೆ ಬರುವ ಬಸ್ಸಿನಲ್ಲಿ ನಂಜುಂಡ ಎರಡು ಕೈಯಲ್ಲೂ ಜೇಬು ಹಿಡಿದು, ಕಾವಿಗೆ ಕೂತ ಕೋಳಿಯಂತೆ ಕೂತಿದ್ದ. ಎದುರುಮನೆಯ ಹುಲಿಯಮ್ಮ ಅದನ್ನೇ ನೋಡುತ್ತಿದ್ದಳು.

"ಏನೋ ಅದು, ಅಷ್ಟು ಜ್ವಾಪಾನ?"

"ಏನಿಲ್ಲ ಕಣಕ್ಕ. ಆಫೀಸಲ್ಲಿ ಕಣಜ ಕೊಟ್ರು."

ಹುಲಿಯಮ್ಮನಿಗೆ ಗೊತ್ತಿದ್ದದ್ದು ಭತ್ತ ತುಂಬುವ ಕಣಜ ಒಂದೇ. ಫೋನು ತೆಗೆದಳು. ಸರ್ಕಾರ ನಂಜುಂಡನೊಬ್ಬನಿಗೇ ಬಿಟ್ಟಿ ಕಣಜ ಕೊಟ್ಟಿದೆ, ಚೀಟಿ ಜೇಬಿನಲ್ಲಿದೆ ಎಂಬ ಸುದ್ದಿ ಬಸ್ಸಿಗಿಂತ ಮೊದಲೇ ಊರು ಮುಟ್ಟಿತು.

ಪಕ್ಕದ ಗದ್ದೆಯ ಧರ್ಮ ಟೀ ಅಂಗಡಿ ಮುಂದೆ ಅಡ್ಡಗಟ್ಟಿದ.

"ಎಲ್ಲಣ್ಣ ಕಣಜ?"

"ಜೇಬಲ್ಲೈತೆ."

"ಎಷ್ಟು ಮೂಟೆ ಹಿಡೀತದೆ?"

"ಮೂಟೆನಾ? ಹುಳ ಕಣೋ ಮಾರಾಯ! ಹುಳ ತಿನ್ನೋ ಹುಳ!"

"ಹುಳಾನ ಯಾರಾದ್ರೂ ಟಿಕೆಟ್ ತಗೊಂಡು ಬಸ್ಸಲ್ಲಿ ತತ್ತಾರಾ? ನಮ್ಮ ಕಿವಿಗೆ ಹೂ ಇಡ್ಬ್ಯಾಡ."

ಧರ್ಮ ಕೊಳವೆ ಕಿತ್ತುಕೊಂಡ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಚೀಟಿಯೇನಾದರೂ ಸುರುಳಿ ಸುತ್ತಿರಬಹುದೆಂದು ಮುಚ್ಚಳ ತೆಗೆದೇಬಿಟ್ಟ. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಎದ್ದು ಬೋಂಡಾ ಬಾಣಲೆಯ ಹೊಗೆಯಲ್ಲಿ ಮಾಯವಾದವು.

"ಎಲ್ಲಾ ಹೋಗ್ಬುಟ್ವಲ್ಲೋ!" ನಂಜುಂಡ ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಸಿದ. ಧರ್ಮನ ಮುಖ ಸಪ್ಪಗಾಯಿತು. ಸರಸರನೆ ಮನೆ ಕಡೆ ನಡೆದ.

ಸಂಜೆ ಕೃತಿಕಾ ಮನೆಗೆ ಬಂದಾಗ, ಗದ್ದೆಗೆ ಕರೆದೊಯ್ಯುತ್ತ ನಂಜುಂಡ ನಡೆದದ್ದನ್ನೆಲ್ಲ ಒಪ್ಪಿಸಿದ. ಅವರು ಬೈಯಲಿಲ್ಲ. ಅಂಚಿನ ಕಬ್ಬಿನ ಒಣಗರಿ ಸುಲಿದು ಭೂತಗನ್ನಡಿ ಹಿಡಿದರು.

"ಇಲ್ನೋಡಿ! ಚಿಪ್ಪು ಚಿಪ್ಪಿಗೂ ಸೂಜಿ ಚುಚ್ಚಿದಂಥ ತೂತು. ಒಳಗಿನ ಹುಳ ತಿಂದು ಕಣಜ ಹೊರಗೆ ಬಂದಿರೋ ಗುರುತು. ನಿಮ್ಮ ಗದ್ದೇಲಿ ಆಗಲೇ ಸಾವಿರಾರಿವೆ. ನಾನು ಕೊಟ್ಟಿದ್ದು ಬೇಕೇ ಇರಲಿಲ್ಲ."

"ಹಂಗಾರೆ ನಾನೇನು ಮಾಡ್ಬೇಕು ಮೇಡಂ?"

"ಏನೂ ಮಾಡ್ಬೇಡಿ. ಔಷಧಿ ಮಾತ್ರ ಹೊಡೀಬೇಡಿ. ಕಣಜ ಸಾಯುತ್ತೆ, ಚಿಪ್ಪಿನಡಿಯ ಹುಳಕ್ಕೆ ಏನೂ ಆಗಲ್ಲ."

ಏನೂ ಮಾಡದಿರುವುದು ನಂಜುಂಡನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಆ ದಿನ ಮೊದಲ ಸಲ ನಕ್ಕ. ಅಷ್ಟರಲ್ಲಿ ಗಾಳಿ ತಿರುಗಿ ಘಾಟು ಮೂಗಿಗೆ ಬಡಿಯಿತು. ಕಬ್ಬಿನ ಸಾಲು ಸರಿಸಿಕೊಂಡು, ಬೆನ್ನಿಗೆ ಸ್ಪ್ರೇಯರ್ ಕಟ್ಟಿದ ಧರ್ಮ ಬೆವರೊರೆಸುತ್ತ ಹೊರಬಂದ.

"ಅಣ್ಣ, ಆಗಿಂದ ಮನಸಿಗೆ ಸಮಾಧಾನಾನೇ ಇಲ್ಲ. ಅದಕ್ಕೇ ನಮ್ಮನೆ ಔಷಧಿ ತಂದು ನಿನ್ನ ಇಡೀ ಗದ್ದೆಗೆ ಹೊಡ್ದೀನಿ. ಹಾರೋ ಹುಳ ಅನ್ನೋದು ಒಂದೂ ಉಳ್ದಿಲ್ಲ ಕಣಣ್ಣ!"